ತಂತಿ ತಿರುಗುವ ಕಡೆ ನಿಂತು ನೋಡಿ

ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಹುಕ್ಕೇರಿ, ಘಟಪ್ರಭಾ, ಅರಭಾವಿ ಹಾದು ಮೂಡಲಗಿ ಕಡೆಗೆ ಹೊರಟವರ ಕಣ್ಣಿಗೆ ಕಬ್ಬು ಬಿಟ್ಟರೆ ಅತಿ ಹೆಚ್ಚು ಬೀಳುವುದು ಕರೆಂಟಿನ ಟವರು. ಹೊಲದ ನಡುವೆ, ಮಡ್ಡಿಯ ನೆತ್ತಿಯಲ್ಲಿ, ಕಾಲುವೆ ಪಕ್ಕದಲ್ಲಿ ಎಲ್ಲೆಂದರಲ್ಲಿ ನಿಂತಿವೆ. ಊರವರು ಎಲ್ಲವನ್ನೂ ಸೇರಿಸಿ ‘ದೊಡ್ಡ ಲೈನು’ ಅಂದುಬಿಡುತ್ತಾರೆ. ಆದರೆ ಒಂದೇ ಮಾರ್ಗದಲ್ಲಿ ಸಾಲಾಗಿ ನಿಂತ ಹತ್ತು ಟವರುಗಳಲ್ಲಿ ಮೂರ್ನಾಲ್ಕು ಜಾತಿಯವು ಇರಬಹುದು. ಜಾತಿ ಬೇರೆಯಾದದ್ದಕ್ಕೆ ಪ್ರತಿ ಸಲವೂ ಒಂದು ಕಾರಣ ಇದ್ದೇ ಇರುತ್ತದೆ. ಆ ಕಾರಣವನ್ನು ರಸ್ತೆಯಲ್ಲಿ ನಿಂತೇ ಓದಿಕೊಳ್ಳಬಹುದು ಎಂಬುದು ಟವರು ನೋಡುವ ಈ ಹವ್ಯಾಸದ ಸುಖ.

ಹೊಸಬರು ಮೊದಲು ಉಕ್ಕಿನ ಚೌಕಟ್ಟನ್ನು ನೋಡುತ್ತಾರೆ. ಅದು ಆಮೇಲೆ. ಮೊದಲು ನೋಡಬೇಕಾದದ್ದು ಟವರಿನ ಕೈಗೂ ತಂತಿಗೂ ನಡುವೆ ಇರುವ ಇನ್ಸುಲೇಟರ್ ಸರ. ಅದು ಕೈಯಿಂದ ನೇರ ಕೆಳಗೆ ಜೋತು ಬಿದ್ದಿದೆಯೋ, ಇಲ್ಲಾ ತಂತಿಯ ಸಾಲಿನಲ್ಲೇ ಅಡ್ಡಕ್ಕೆ ಬಿಗಿದುಕೊಂಡಿದೆಯೋ? ಜೋತು ಬಿದ್ದಿದ್ದರೆ ಆ ಟವರು ತಂತಿಯ ಭಾರವನ್ನಷ್ಟೇ ಹೊತ್ತಿದೆ. ಎರಡೂ ಕಡೆಯ ಎಳೆತ ಸಮ ಇರುವುದರಿಂದ ಅದರ ಮೇಲೆ ಮುಂದಕ್ಕೋ ಹಿಂದಕ್ಕೋ ಹೆಚ್ಚಿನ ಒತ್ತಡವಿಲ್ಲ. ಸರ ಅಡ್ಡಕ್ಕೆ ಬಿಗಿದಿದ್ದರೆ ಆ ಟವರು ಹಗ್ಗಜಗ್ಗಾಟದ ಕೊನೆಯ ಆಳಿನಂತೆ ಎಳೆತವನ್ನು ತಾಳಿ ನಿಂತಿದೆ. ಅಂಥ ಟವರಿನಲ್ಲಿ ಈ ಕಡೆಯ ತಂತಿ ಕೈಗೆ ಬಂದು ಮುಗಿಯುತ್ತದೆ, ಆ ಕಡೆಯದು ಕೈಯಿಂದ ಹೊಸದಾಗಿ ಹೊರಡುತ್ತದೆ. ಎರಡನ್ನೂ ಕೂಡಿಸಲು ಕೈಯ ಕೆಳಗೆ ಬಾಗಿದ ಒಂದು ತಂತಿತುಂಡು ಇರುತ್ತದೆ. ಲೈನ್‌ಮನ್‌ಗಳು ಅದಕ್ಕೆ ಜಂಪರ್ ಅನ್ನುತ್ತಾರೆ. ದೂರದಿಂದ ಸರ ಕಾಣದಿದ್ದರೂ ಈ ಜಂಪರಿನ ಬಾಗು ಕಂಡರೆ ಸಾಕು, ಇದು ಎಳೆತದ ಟವರು ಎಂದು ಹೇಳಿಬಿಡಬಹುದು.

ಈ ಒಂದು ಭೇದ ಗೊತ್ತಾದ ಮೇಲೆ ಇಡೀ ಮಾರ್ಗದ ವ್ಯಾಕರಣ ಬಿಚ್ಚಿಕೊಳ್ಳುತ್ತದೆ. ನಮ್ಮ ದೇಶದ ರೂಢಿಯಲ್ಲಿ ಟವರುಗಳಿಗೆ ಎ, ಬಿ, ಸಿ, ಡಿ ಎಂದು ಹೆಸರು. ತಂತಿ ನೇರ ಹೋಗುವ ಕಡೆ, ಹೆಚ್ಚೆಂದರೆ 2 ಡಿಗ್ರಿ ತಿರುಗುವ ಕಡೆ ಎ. 15 ಡಿಗ್ರಿ ತನಕ ತಿರುಗಿದರೆ ಬಿ, 30ರ ತನಕ ಸಿ, 60ರ ತನಕ ಡಿ. ಮಾರ್ಗ ಸಬ್‌ಸ್ಟೇಷನ್ನಿಗೆ ಬಂದು ಮುಗಿಯುವ ಕಡೆಯೂ ಸಾಮಾನ್ಯವಾಗಿ ಡಿ ಜಾತಿಯದೇ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಒಂದೇ ಕಡೆಯಿಂದ ಪೂರ್ತಿ ಎಳೆತ. ಎ ತೆಳ್ಳಗೆ ನೆಟ್ಟಗೆ ಇರುತ್ತದೆ, ಪಾದ ಕಿರಿದು. ಡಿ ಕಾಲು ಅಗಲಿಸಿ ನಿಂತಿರುತ್ತದೆ. ಉಕ್ಕಿನ ತೂಕ ಎ ಟವರಿನ ಎರಡು ಪಟ್ಟಿಗೂ ಮೀರುವುದುಂಟು. ತಿರುವು ದೊಡ್ಡದಿದ್ದಾಗ ಹೊರಮಗ್ಗುಲಿನ ಕೈಯಿಂದ ಪುಟ್ಟದೊಂದು ಸರ ಬೇರೆಯಾಗಿ ಜೋತಿರುತ್ತದೆ. ಜಂಪರ್ ಗಾಳಿಗೆ ತೂಗಿ ಉಕ್ಕಿಗೆ ತಾಗದಂತೆ ಹಿಡಿದಿಡುವುದು ಅದರ ಕೆಲಸ; ಹೆಸರು ಪೈಲಟ್ ಸರ. ಇನ್ನೊಂದು ಮಾತು: ತಿರುವಿನ ಟವರು ಬಂದ ದಿಕ್ಕಿಗೂ ಮುಖ ಮಾಡಿರುವುದಿಲ್ಲ, ಹೋಗುವ ದಿಕ್ಕಿಗೂ ಮಾಡಿರುವುದಿಲ್ಲ. ಎರಡರ ನಟ್ಟನಡುವೆ ತಿರುಗಿ ನಿಂತಿರುತ್ತದೆ. ಅದರ ಕೈಗಳನ್ನು ಗುರಿಯಾಗಿ ಹಿಡಿದು ನೋಡಿದರೆ ಎಷ್ಟು ತಿರುವು ಎಂದು ಅಂದಾಜು ಸಿಗುತ್ತದೆ.

ನನ್ನ ಮಟ್ಟಿಗೆ ನೋಡಲು ಯೋಗ್ಯವಾದದ್ದು ಈ ತಿರುವಿನ ಟವರೇ. ನೇರ ಹೋಗುವ ಹತ್ತಾರು ಎ ಟವರುಗಳಿಗೆ ನಕ್ಷೆಯ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದರೆ ಮುಗಿಯಿತು. ಗೆರೆ ಮುರಿದಲ್ಲಿ ಮಾತ್ರ ಯಾರೋ ಒಬ್ಬರು ಸ್ಥಳಕ್ಕೆ ಬಂದು, ನಿಂತು, ಯೋಚಿಸಿ ತೀರ್ಮಾನ ಮಾಡಿದ್ದಾರೆ. ಊರು ಅಡ್ಡ ಬಂದಿರಬಹುದು. ಹಿಡಕಲ್ ಜಲಾಶಯದ ಹಿನ್ನೀರು ಇರಬಹುದು. ಗೋಕಾಕದ ಸುತ್ತಿನ ಗುಡ್ಡದ ಕೋಡುಗಲ್ಲು ಇರಬಹುದು. ಮೂಡಲಗಿ ಕಡೆಯ ಒಂದು ಹೊಲದಲ್ಲಿ ಕಬ್ಬಿಗೆ ನೀರು ಬಿಡುತ್ತಿದ್ದ ಹಿರಿಯರೊಬ್ಬರನ್ನು, ‘ಕಾಕಾ, ಲೈನು ಇಲ್ಲೇ ಯಾಕ ತಿರುಗೇತಿ?’ ಎಂದು ಕೇಳಿದ್ದೆ. ‘ಮುಂದ ನೋಡ್ರಿ, ದ್ಯಾಮವ್ವನ ಗುಡಿ ಐತಿ. ಗುಡಿ ಮ್ಯಾಲೆ ವಾಯರ್ ಎಳ್ಯಾಕ ಊರಾಗ ಯಾರ ಒಪ್ತಾರ?’ ಅಂದರು. ಕಚೇರಿಯ ಕಡತದಲ್ಲಿ ಅದು ಒಂದು ಕೋನಬಿಂದು, ಒಂದು ಸಂಖ್ಯೆ. ಅದು ಹೇಗೆ ಹುಟ್ಟಿತು ಎಂಬುದು ಹೊಲದಲ್ಲಿ ಇರುವವರಿಗೇ ಗೊತ್ತು. ಆದ್ದರಿಂದ ತಿರುವಿನ ಟವರು ಕಂಡಾಗ ಹತ್ತಿರದ ಹೊಲದವರನ್ನು ಮಾತಾಡಿಸದೆ ಮುಂದೆ ಹೋಗಬಾರದು.

ಇನ್ನು ವೋಲ್ಟೇಜು. ಅದನ್ನು ತಿಳಿಯಲು ಸರದಲ್ಲಿರುವ ಡಿಸ್ಕುಗಳನ್ನು ಎಣಿಸಬೇಕು. ಪಿಂಗಾಣಿಯದೋ ಗಾಜಿನದೋ ಒಂದು ಡಿಸ್ಕು ಸುಮಾರು ಗೇಣು ಮೀರಿ ಅಗಲ, ಎತ್ತರ ಸಾಮಾನ್ಯವಾಗಿ 145 ಮಿಲಿಮೀಟರ್. ಜೋತು ಬಿದ್ದ ಸರದಲ್ಲಿ ಏಳು ಡಿಸ್ಕು ಇದ್ದರೆ 110 ಕೆ.ವಿ., ಹದಿಮೂರು ಹದಿನಾಲ್ಕು ಇದ್ದರೆ 220, ಇಪ್ಪತ್ತಮೂರರ ಆಸುಪಾಸು ಇದ್ದರೆ 400. ಎಳೆತದ ಸರದಲ್ಲಿ ಒಂದೆರಡು ಹೆಚ್ಚು ಇರುತ್ತವೆ, ಆದ್ದರಿಂದ ಎಣಿಕೆಗೆ ಎ ಟವರನ್ನೇ ಆರಿಸಿಕೊಳ್ಳಿ. ಈಚಿನ ಮಾರ್ಗಗಳಲ್ಲಿ ಪಿಂಗಾಣಿಯ ಬದಲು ಪಾಲಿಮರ್ ಬಂದಿದೆ: ಒಂದೇ ಉದ್ದನೆಯ ಕೋಲು, ಅದರ ಸುತ್ತ ರಬ್ಬರಿನ ತೆಳು ಅಂಚುಗಳು. ಅಲ್ಲಿ ಎಣಿಕೆ ನಡೆಯುವುದಿಲ್ಲ, ಉದ್ದವನ್ನು ಅಂದಾಜು ಮಾಡಬೇಕು. 110ಕ್ಕೆ ಸುಮಾರು ಒಂದು ಮೀಟರ್, 220ಕ್ಕೆ ಅದರ ಎರಡರಷ್ಟು ಎಂದು ಇಟ್ಟುಕೊಂಡರೆ ತಪ್ಪಾಗದು.

ಬೆಂಗಳೂರು, ಮೈಸೂರು ಕಡೆಯ ಹವ್ಯಾಸಿಗಳು ನಮ್ಮ ಸೀಮೆಗೆ ಬಂದಾಗ ಇಲ್ಲಿ ಒಂದು ಕ್ಷಣ ತಡೆಯುತ್ತಾರೆ. ಹಳೆ ಮೈಸೂರಿನಲ್ಲಿ ಸಣ್ಣ ಟವರು ಅಂದರೆ 66 ಕೆ.ವಿ.; ನಾಲ್ಕೈದು ಡಿಸ್ಕಿನದು. ನಮ್ಮ ಸೀಮೆಯಲ್ಲಿ ಆ ಮೆಟ್ಟಿಲೇ ಇಲ್ಲ. 220ರಿಂದ 110, ಅಲ್ಲಿಂದ 33ಕ್ಕೋ 11ಕ್ಕೋ ಇಳಿಯುತ್ತದೆ. ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರು ತಾಲ್ಲೂಕುಗಳಲ್ಲಿ ಕಾಣುವ ಟವರುಗಳಲ್ಲಿ ಬಹುಪಾಲು 110 ಕೆ.ವಿ.ಯವು. ಒಂದೇ ರಾಜ್ಯ, ಒಂದೇ ಪ್ರಸರಣ ನಿಗಮ (ಕೆಪಿಟಿಸಿಎಲ್). ಆದರೂ ಧಾರವಾಡ ದಾಟಿದ ಮೇಲೆ ಟವರಿನ ಮೈಕಟ್ಟು ಬೇರೆ. ಕಾರಣ ಚರಿತ್ರೆಯದು: 1956ಕ್ಕೆ ಮುಂಚೆ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಮೈಸೂರಿನ ವಿದ್ಯುತ್ತಿಗೆ ಅದರದೇ ಬೇರೆ ಚರಿತ್ರೆ. ಟವರು ನೋಡುವವರು ಈ ಎರಡು ಬಗೆಯನ್ನು ಮರೆಯಬಾರದು.

ಚರಿತ್ರೆಯ ಮಾತು ಬಂದಮೇಲೆ ಗೋಕಾಕ ಫಾಲ್ಸ್ ಬಿಟ್ಟು ಮುಂದೆ ಹೋಗುವಂತಿಲ್ಲ. ಘಟಪ್ರಭೆ ಸುಮಾರು 52 ಮೀಟರ್ ಧುಮುಕುವ ಈ ಜಾಗದಲ್ಲಿ 1887ರಲ್ಲೇ ನೀರಿನಿಂದ ವಿದ್ಯುತ್ತು ತೆಗೆದರು ಎಂಬುದು ಈ ಸೀಮೆಯ ಹೆಮ್ಮೆ. 1885ರಲ್ಲಿ ಶುರುವಾದ ನೂಲಿನ ಮಿಲ್ಲು ಪ್ರಪಾತದ ದಂಡೆಯ ಮೇಲೆ, ಪವರ್ ಹೌಸು ಕೆಳಗೆ ಕಮರಿಯಲ್ಲಿ. ಆದರೆ ನನ್ನಂಥವರು ಗಮನಿಸಬೇಕಾದದ್ದು ಬೇರೆ: ವಿದ್ಯುತ್ತು ಇಲ್ಲಿ ಇಷ್ಟು ಬೇಗ ಬಂದರೂ ಅದಕ್ಕೆ ಟವರು ಬೇಕಾಗಲಿಲ್ಲ. ಹುಟ್ಟಿದ ಜಾಗಕ್ಕೂ ಖರ್ಚಾಗುವ ಜಾಗಕ್ಕೂ ಕೂಗಳತೆ ದೂರ. ದೂರ ಹುಟ್ಟಿದಾಗ ಟವರು ಹುಟ್ಟುತ್ತದೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದಾಗ ನಮ್ಮ ನಾಡಿನಲ್ಲಿ ಆ ದೂರದ ಕಥೆ ಮೊದಲಾಯಿತು. ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವವರು ಕೆಳಗಿನ ಕಮರಿಯ ಕಡೆ, ಪವರ್ ಹೌಸಿನ ಕಡೆ ಕೂಡ ಒಮ್ಮೆ ನೋಡಲಿ.

ಹುಕ್ಕೇರಿಯದು ಮತ್ತೊಂದು ವಿಶೇಷ. ಇಲ್ಲಿ ಮನೆಮನೆಗೆ, ಪಂಪ್‌ಸೆಟ್ಟಿಗೆ ಕರೆಂಟು ಕೊಡುವುದು ಸರ್ಕಾರಿ ವಿತರಣಾ ಕಂಪನಿ ಹೆಸ್ಕಾಂ ಅಲ್ಲ, 1969ರಲ್ಲಿ ನೋಂದಣಿಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ದೇಶದಲ್ಲಿ ಮೊದಲು ಕಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿಗಳಲ್ಲಿ ಇದೂ ಒಂದು. ಕರ್ನಾಟಕದಲ್ಲಿ ಇಂಥದ್ದು ಇದೊಂದೇ. ಹಾಗಾಗಿ ಹುಕ್ಕೇರಿ ತಾಲ್ಲೂಕಿನ ಒಂದು ಹೊಲದಲ್ಲಿ ನಿಂತು ನೋಡಿದರೆ ಮೇಲಿನ ಟವರು ಕೆಪಿಟಿಸಿಎಲ್‌ನದು, ಕೆಳಗಿನ ಕಂಬ ಮತ್ತು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸಹಕಾರಿ ಸಂಘದ್ದು. ಗೋಕಾಕ, ಮೂಡಲಗಿಯಲ್ಲಿ ಅದೇ ಕಂಬ ಹೆಸ್ಕಾಂನದು. ಯಾವ ಕಂಬ ಯಾರದು ಎಂದು ತಿಳಿಯದವರು ಲೈನಿನ ಬಗ್ಗೆ ದೂರು ಕೊಡಲು ಹೋಗಿ ಅಲೆದಾಡುವುದುಂಟು. ತಾಲ್ಲೂಕಿನ ಗಡಿಯಲ್ಲಿ ಈ ಒಡೆತನ ಬದಲಾಗುವುದನ್ನು ಹುಡುಕುವುದು ನನಗೆ ಬಹಳ ಪ್ರಿಯವಾದ ಕೆಲಸ.

ಈಗ ಉಕ್ಕಿನ ಮೈಕಟ್ಟಿಗೆ ಬರೋಣ. ಮೂರೇ ತಂತಿ ಇದ್ದು ಒಂದು ಕಡೆ ಎರಡು ಕೈ, ಇನ್ನೊಂದು ಕಡೆ ಒಂದು ಕೈ ಇದ್ದರೆ ಅದು ಒಂಟಿ ಸರ್ಕಿಟ್ಟು. ಎರಡೂ ಕಡೆ ಮೂರು ಮೂರು ಕೈ ಒಂದರ ಕೆಳಗೊಂದು ಇದ್ದರೆ ಜೋಡಿ ಸರ್ಕಿಟ್ಟು. ಜೋಡಿ ಟವರಿನಲ್ಲಿ ಒಂದು ಮಗ್ಗುಲು ಪೂರಾ ಖಾಲಿ ಇರುವುದನ್ನೂ ಕಾಣಬಹುದು: ಮುಂದೊಂದು ದಿನ ಬೇಕಾದೀತು ಎಂದು ಟವರು ಕಟ್ಟಿ, ಸದ್ಯಕ್ಕೆ ಒಂದೇ ಕಡೆ ತಂತಿ ಎಳೆದಿರುತ್ತಾರೆ. 400 ಕೆ.ವಿ.ಯ ಒಂಟಿ ಸರ್ಕಿಟ್ಟಿನ ಟವರು ಬೇರೆಯೇ ರೂಪದ್ದು. ನಡು ಸಣ್ಣ, ಮೇಲೆ ಅಗಲವಾದ ಕಿಟಕಿ, ಮೂರೂ ತಂತಿ ಒಂದೇ ಮಟ್ಟದಲ್ಲಿ. ನೆತ್ತಿಯ ಮೇಲೆ ಇನ್ಸುಲೇಟರ್ ಇಲ್ಲದೆ ಹೋಗುವ ತೆಳು ತಂತಿ ಸಿಡಿಲಿಗೆ ಎದೆಕೊಡುವ ಅರ್ತ್ ವಾಯರ್. 110ಕ್ಕೆ ಅದು ಸಾಮಾನ್ಯವಾಗಿ ಒಂದು, 400ಕ್ಕೆ ಎರಡು. ಈಗ ಎಷ್ಟೋ ಮಾರ್ಗಗಳಲ್ಲಿ ಅದರ ಹೊಟ್ಟೆಯೊಳಗೆ ಆಪ್ಟಿಕಲ್ ಫೈಬರ್ ಹೋಗುತ್ತದೆ.

ಫೇಸಿಗೆ ಎಷ್ಟು ತಂತಿ ಎಂಬುದನ್ನೂ ನೋಡಬೇಕು. 110ರಲ್ಲಿ ಒಂದೊಂದೇ. ಕೆಪಿಟಿಸಿಎಲ್ 110ಕ್ಕೆ ಲಿಂಕ್ಸ್, 220ಕ್ಕೆ ಡ್ರೇಕ್ ಎಂಬ ಜಾತಿಯ ತಂತಿ ಬಳಸುತ್ತ ಬಂದಿದೆ. 400ರಲ್ಲಿ ಎರಡು ಅಥವಾ ನಾಲ್ಕು ತಂತಿ ಜೊತೆಯಾಗಿ ಹೋಗುತ್ತವೆ, ಅವು ಒಂದಕ್ಕೊಂದು ತಾಗದಂತೆ ನಡುನಡುವೆ ಸ್ಪೇಸರ್ ಇರುತ್ತದೆ. 765 ಕೆ.ವಿ.ಯ ಜೋಡಿ ಮಾರ್ಗವಾದರೆ ಸಾಮಾನ್ಯವಾಗಿ ಫೇಸಿಗೆ ಆರು. ನಮ್ಮ ಜಿಲ್ಲೆಯಲ್ಲಿ ಅದನ್ನು ನೋಡುವ ಅವಕಾಶವಿದೆ. ಧಾರವಾಡದ ಹತ್ತಿರದ ನರೇಂದ್ರದಿಂದ ಕೊಲ್ಲಾಪುರಕ್ಕೆ ಪವರ್‌ಗ್ರಿಡ್ ಕಟ್ಟಿದ ಮಾರ್ಗ ಬೆಳಗಾವಿ ಜಿಲ್ಲೆಯನ್ನು ಹಾದು ಹೋಗುತ್ತದೆ. 765ಕ್ಕೆಂದು ಕಟ್ಟಿ ಆರಂಭದಲ್ಲಿ 400ರಲ್ಲಿ ಚಾಲೂ ಮಾಡಿದ ಮಾರ್ಗ ಇದು. ಟವರಿನ ಗಾತ್ರ, ಸರದ ಉದ್ದ ಹೇಳುವುದು ಮಾರ್ಗ ಎಷ್ಟು ತಾಳಬಲ್ಲದು ಎಂಬುದನ್ನು. ಇವತ್ತು ಎಷ್ಟು ವೋಲ್ಟೇಜಿನಲ್ಲಿ ನಡೆಯುತ್ತಿದೆ ಎಂಬುದನ್ನಲ್ಲ. ನೋಡಿದ್ದನ್ನು ನೋಡಿದಷ್ಟೇ ಬರೆದುಕೊಳ್ಳಬೇಕು ಎಂದು ನಾನು ಹೊಸಬರಿಗೆ ಹೇಳುವುದು ಇದಕ್ಕೇ.

ಕೊಲ್ಲಾಪುರದ ಕಡೆಯ ಹಳೆಯ ಕೊಂಡಿಗಳು ಬೆಳಗಾವಿಯಿಂದ, ಚಿಕ್ಕೋಡಿಯಿಂದ ಹೋಗುವ 220 ಕೆ.ವಿ. ಮಾರ್ಗಗಳು. ದಕ್ಷಿಣದ ಗ್ರಿಡ್ಡು ಉಳಿದ ದೇಶದ ಗ್ರಿಡ್ಡಿನೊಂದಿಗೆ ಒಂದೇ ಆವರ್ತನದಲ್ಲಿ ಕೂಡಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ. ಅದಕ್ಕೆ ಮುಂಚೆ ಈ ಗಡಿಮಾರ್ಗಗಳಲ್ಲಿ ಎರಡೂ ಕಡೆಯನ್ನು ಒಟ್ಟಿಗೆ ಕೂಡಿಸುವಂತಿರಲಿಲ್ಲ. ಒಂದು ತುಂಡನ್ನು ಈ ಕಡೆಯಿಂದ ಬಿಡಿಸಿ ಆ ಕಡೆಗೆ ಕಟ್ಟಿ ಕರೆಂಟು ಕೊಡಬೇಕಿತ್ತು. ಅಷ್ಟೆಲ್ಲ ಬದಲಾದರೂ ಟವರುಗಳು ನಿಂತ ಹಾಗೇ ನಿಂತಿವೆ.

ನೆಲ ಬದಲಾದಂತೆ ಕಾಲು ಬದಲಾಗುವುದನ್ನು ನೋಡಲು ಗೋಕಾಕ ಮತ್ತು ಮೂಡಲಗಿಯನ್ನು ಒಂದೇ ದಿನ ನೋಡಬೇಕು. ಗೋಕಾಕದ ಗುಡ್ಡದ ಇಳಿಜಾರಿನಲ್ಲಿ ಟವರಿನ ನಾಲ್ಕು ಕಾಲೂ ಒಂದೇ ಉದ್ದ ಇರಬೇಕೆಂದಿಲ್ಲ. ಮೇಲಿನ ಕಡೆಯವು ಗಿಡ್ಡ, ಕೆಳಗಿನ ಕಡೆಯವು ಉದ್ದ. ಮಣ್ಣು ಜಾರದಂತೆ ಸುತ್ತ ಕಲ್ಲಿನ ಕಟ್ಟೆ. ಗುಂಡಿ ತೋಡುವ ಬದಲು ಬಂಡೆಗೇ ಪಾಯಾ ಹಾಕಿರುತ್ತಾರೆ. ಮೂಡಲಗಿಯ ಎರೆ ಭೂಮಿಯಲ್ಲಿ ಕಥೆ ಬೇರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದು ಕಾಂಕ್ರೀಟನ್ನು ವರ್ಷವರ್ಷ ಎತ್ತಿ ಇಳಿಸುತ್ತದೆ, ಆದ್ದರಿಂದ ಅಲ್ಲಿನ ಪಾಯಾದ ಲೆಕ್ಕಾಚಾರವೇ ಪ್ರತ್ಯೇಕ. ಹೊಳೆಸಾಲಿನ ಹೊಲಗಳಲ್ಲಿ ಕಾಲಿನ ಬುಡದ ಕಾಂಕ್ರೀಟನ್ನು ನೆಲಕ್ಕಿಂತ ಚೆನ್ನಾಗಿ ಮೇಲೆ ತಂದಿದ್ದರೆ ನೆರೆಯ ನೀರು ಉಕ್ಕಿಗೆ ತಾಗದಿರಲಿ ಎಂಬುದೇ ಅದರ ಅರ್ಥ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಹಿರಣ್ಯಕೇಶಿ ಉಕ್ಕಿ ಗೋಕಾಕ ಪೇಟೆಗೇ ನೀರು ನುಗ್ಗಿದ್ದನ್ನು ಕಂಡವರಿಗೆ ಈ ಕಾಂಕ್ರೀಟಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಎತ್ತರ ಕೂಡ ಹೀಗೇ. ತಗ್ಗು, ರಸ್ತೆ, ಇನ್ನೊಂದು ಲೈನು ದಾಟಬೇಕಾದ ಕಡೆ ಅದೇ ಟವರಿನ ಬುಡಕ್ಕೆ 3, 6 ಅಥವಾ 9 ಮೀಟರಿನ ತುಂಡು ಕೂಡಿಸಿ ಎತ್ತರಿಸುತ್ತಾರೆ. ಮೇಲಿನ ಭಾಗ ಒಂದೇ, ಕೆಳಗೆ ಮಾತ್ರ ಒಂದು ಅಂಕಣ ಹೆಚ್ಚು. ಅಕ್ಕಪಕ್ಕದ ಎರಡು ಟವರುಗಳ ಅಡ್ಡಪಟ್ಟಿಗಳನ್ನು ಮೇಲಿನಿಂದ ಕೆಳಕ್ಕೆ ಹೋಲಿಸುತ್ತ ಬಂದರೆ ಸೇರಿಸಿದ ತುಂಡು ಎಲ್ಲಿಂದ ಶುರು ಎಂದು ಸಿಕ್ಕುತ್ತದೆ. ರೈಲು ಹಳಿ ದಾಟುವ ಕಡೆ ಎರಡೂ ಬದಿಗೆ ಎಳೆತದ ಟವರುಗಳನ್ನೇ ನಿಲ್ಲಿಸುವುದು ರೂಢಿ. ಮಿರಜ–ಬೆಳಗಾವಿ ರೈಲಿನಲ್ಲಿ ಘಟಪ್ರಭಾ, ಗೋಕಾಕ ರೋಡ್ ಸುತ್ತ ಕಿಟಕಿ ಪಕ್ಕ ಕೂತವರು ಇದನ್ನು ಗಮನಿಸಬಹುದು. ರೈಲ್ವೆಯ ವಿದ್ಯುತ್ ಸಬ್‌ಸ್ಟೇಷನ್ನಿಗೆ ಹೋಗುವ ಮಾರ್ಗದಲ್ಲಿ ಮೂರರ ಬದಲು ಎರಡೇ ತಂತಿ ಕಾಣಬಹುದು, ಏಕೆಂದರೆ ಅಲ್ಲಿಗೆ ಬೇಕಾದದ್ದು ಎರಡೇ ಫೇಸು. ಅಂಥದ್ದನ್ನು ಹುಡುಕಿದವರಿಗೆ ಅಂದಿನ ತಿರುಗಾಟ ಸಾರ್ಥಕ.

ಅಡ್ಡಪಟ್ಟಿಗಳ ವಿನ್ಯಾಸವೇ ಒಂದು ಪ್ರತ್ಯೇಕ ಪಾಠ. ಒಂದು ಕಡೆ ಗುಣಾಕಾರದ ಕಟ್ಟು, ಇನ್ನೊಂದು ಕಡೆ ಕೆಳ ಅಂಕಣದಲ್ಲಿ ಮಧ್ಯಕ್ಕೆ ಬಂದು ಕೂಡುವ ಕಟ್ಟು. ಇವನ್ನು ಅಲಂಕಾರ ಎಂದುಕೊಳ್ಳಬಾರದು. ಹೊಸ ಜಾತಿಯ ಟವರನ್ನು ಪೂರ್ಣ ಗಾತ್ರದಲ್ಲಿ ಕಟ್ಟಿ, ಹಗ್ಗದಿಂದ ಎಲ್ಲ ದಿಕ್ಕಿಗೂ ಎಳೆದು ಪರೀಕ್ಷಿಸುವ ಅಂಗಳ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿದೆ. ಹೊಲದಲ್ಲಿ ನಿಂತ ಟವರಿನ ಜಾತಿಯೂ ಇಂಥ ಪರೀಕ್ಷೆ ದಾಟಿಯೇ ಬರಬೇಕು. ಬ್ರಿಟನ್ನಿನಲ್ಲಿ ಟವರು ಮೆಚ್ಚುವವರದೇ ಒಂದು ಸಂಘವಿದೆ. ಅಲ್ಲಿ 1928ರಲ್ಲಿ ಎಡಿನ್‌ಬರೋ ಹತ್ತಿರ ಮೊದಲ ಗ್ರಿಡ್ ಟವರು ಎದ್ದಾಗ ಅದರ ಚೆಂದ ಕುರಿತು ಒಬ್ಬ ಹೆಸರಾಂತ ವಾಸ್ತುಶಿಲ್ಪಿಯ ಸಲಹೆ ಪಡೆದಿದ್ದರು. ನಮ್ಮಲ್ಲಿ ಆ ಕಾಳಜಿ ಇನ್ನೂ ಬಂದಿಲ್ಲ, ಬರಬೇಕು.

ಸಕ್ಕರೆ ಕಾರ್ಖಾನೆಗಳ ಸೀಮೆ ಇದು. ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ತು ಮಾಡಿ ಗ್ರಿಡ್ಡಿಗೆ ಕೊಡುವ ಕಾರ್ಖಾನೆಗಳ ಹತ್ತಿರ ದೊಡ್ಡ ಮಾರ್ಗದಿಂದ ಕವಲೊಡೆಯುವ ಟವರುಗಳನ್ನು ಹುಡುಕಿ. ಆದರೆ ಅದೇ ಕಬ್ಬಿನ ಇನ್ನೊಂದು ಮಾತನ್ನೂ ಹೇಳಲೇಬೇಕು. ಕಟಾವಾದ ಮೇಲೆ ರವದಿಗೆ ಬೆಂಕಿ ಹಚ್ಚಿದಾಗ ತಂತಿಯ ಕೆಳಗಿನ ಬಿಸಿ ಗಾಳಿ, ಹೊಗೆ ತಂತಿಗೂ ನೆಲಕ್ಕೂ ನಡುವಿನ ಗಾಳಿಯ ತಡೆಯುವ ಗುಣವನ್ನು ಕೆಡಿಸುತ್ತವೆ. ಕರೆಂಟು ಹಾರುತ್ತದೆ, ಮಾರ್ಗ ಟ್ರಿಪ್ ಆಗುತ್ತದೆ. 110 ಕೆ.ವಿ. ತಂತಿ ನೆಲದಿಂದ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕು, 220 ಆದರೆ ಸುಮಾರು 7, 400 ಆದರೆ 8.84. ಬೆಂಕಿ ಎದ್ದಾಗ ಈ ಅಂತರ ಸಾಲದು. ತಂತಿಯ ಕೆಳಗೆ ರವದಿ ಸುಡಬೇಡಿ ಎಂದು ರೈತರಲ್ಲಿ ಕೈಮುಗಿದು ಕೇಳುತ್ತೇನೆ.

ರೈತರಿಂದ ಬರೀ ತೆಗೆದುಕೊಳ್ಳುವುದೂ ಸಲ್ಲದು. ಟವರಿಗೆ ಜಮೀನನ್ನು ಸ್ವಾಧೀನ ಮಾಡಿಕೊಳ್ಳುವುದಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರದಿಂದ ಟವರು ನಿಲ್ಲಿಸಿ ಪರಿಹಾರ ಕೊಡುತ್ತ ಬಂದರು. ಹೊಲ ರೈತನ ಹೆಸರಿನಲ್ಲೇ ಉಳಿಯುತ್ತದೆ, ನಾಲ್ಕು ಕಾಲಿನ ನಡುವೆ ನೇಗಿಲು ಮಾತ್ರ ಓಡುವುದಿಲ್ಲ. 110ರ ಕೆಳಗೆ 22 ಮೀಟರ್ ಅಗಲ, 220ರ ಕೆಳಗೆ 35, 400ರ ಕೆಳಗೆ 46 ಮೀಟರ್ ಪಟ್ಟಿಯಲ್ಲಿ ಮರ ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ. ಕೇಂದ್ರ ಇಂಧನ ಸಚಿವಾಲಯ 2015ರಲ್ಲಿ ಟವರಿನ ಜಾಗಕ್ಕೆ ಭೂಮಿಯ ಬೆಲೆಯ ಶೇ 85, ತಂತಿಯ ಪಟ್ಟಿಗೆ ಹೆಚ್ಚೆಂದರೆ ಶೇ 15 ಎಂದು ಮಾರ್ಗಸೂಚಿ ಹೊರಡಿಸಿತ್ತು. 2024ರ ಜೂನಿನಲ್ಲಿ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿತು. ಹೊಲದಲ್ಲಿ ಹೊಸ ಟವರಿಗೆ ಗುರುತು ಹಾಕಲು ಬಂದವರನ್ನು ಈ ಅಂಕಿಗಳನ್ನು ಇಟ್ಟುಕೊಂಡೇ ಮಾತಾಡಿಸಿ.

ಕೊನೆಗೆ ಫಲಕ. ಪ್ರತಿ ಟವರಿಗೂ ಅಪಾಯದ ಫಲಕದ ಹತ್ತಿರ ಸಂಖ್ಯೆಯ ಫಲಕ ಇರಬೇಕು. 45/0 ಎಂದಿದ್ದರೆ ಅದು ನಲವತ್ತೈದನೆಯ ಕೋನಬಿಂದು, 45/1 ಅದರ ಮುಂದಿನ ಟವರು. ಅನೇಕ ಮಾರ್ಗಗಳಲ್ಲಿ ಈ ಲೆಕ್ಕವೇ ನಡೆಯುತ್ತದೆ. ಕೆಂಪು, ಹಳದಿ, ನೀಲಿ ತುಣುಕುಗಳು ಯಾವ ತಂತಿ ಯಾವ ಫೇಸು ಎಂದು ಹೇಳುತ್ತವೆ. ನಿಮ್ಮೂರಿನ ಟವರಿನ ಫೋಟೊ ಪತ್ರಿಕೆಗೆ ಕಳಿಸುವವರು ಪೂರ್ಣ ಟವರಿನದು ಒಂದು, ಇನ್ಸುಲೇಟರ್ ಸರದ್ದು ಒಂದು, ಸಂಖ್ಯೆಯ ಫಲಕದ್ದು ಒಂದು, ಹೀಗೆ ಮೂರು ಕಳಿಸಿ. ಊರಿನ ಹೆಸರು ಬರೆಯಿರಿ. ತಿರುವಿನ ಟವರಾದರೆ ಅದು ಅಲ್ಲೇ ಯಾಕೆ ತಿರುಗಿತು ಎಂದು ಊರ ಹಿರಿಯರನ್ನು ಕೇಳಿ ಅದನ್ನೂ ಸೇರಿಸಿ. ಫೋಟೊವನ್ನು ರಸ್ತೆಯಿಂದಲೋ, ಒಡೆಯರನ್ನು ಕೇಳಿ ಹೊಲದ ಬದುವಿನಿಂದಲೋ ತೆಗೆಯಿರಿ. ಗುಡುಗು ಸಿಡಿಲಿದ್ದಾಗ ಹೋಗಬೇಡಿ, ಟವರಿನ ಕಾಲು ಮುಟ್ಟಬೇಡಿ, ಮುಳ್ಳುತಂತಿ ದಾಟಿ ಒಂದು ಮೆಟ್ಟಿಲೂ ಹತ್ತಬೇಡಿ.